ಆಯಿಲ್ ಗ್ರೇಡ್ ಬದಲಿಸಿದ್ದು ನಿಜವಾಗಿ ಗೊತ್ತಾಗುತ್ತಾ?

ಆಯಿಲ್ ಚೇಂಜ್ ಆದ ಮೇಲೆ ಸೋಲಾಪುರ ರೋಡಿನಲ್ಲಿ ಒಂದು ರೌಂಡ್ ಹೊಡೆದು ಬಂದವರ ಮಾತು ಹೆಚ್ಚುಕಮ್ಮಿ ಒಂದೇ. "ಗಾಡಿ ಹಗುರ ಆತ್ರಿ ಮಿಸ್ತ್ರಿ. ಇದ ಗ್ರೇಡ್ ಬರೋಬ್ಬರಿ." ಹಗುರ ಆಗಿದ್ದು ನಿಜ. ಅದು ಗ್ರೇಡಿನಿಂದಲೇ, ಅಂದರೆ ಡಬ್ಬಿ ಮೇಲೆ ನಂಬರ್‌ನಲ್ಲಿ ಬರೆದ ಆಯಿಲ್‌ನ ದಪ್ಪದಿಂದಲೇ ಅನ್ನೋದು ನನಗೆ ಅನುಮಾನ. ಅದೇ ಸರ್ವಿಸ್‌ನಲ್ಲಿ ಚೈನ್ ಸೆಟ್ ಮಾಡಿರುತ್ತೇವೆ, ಏರ್ ಫಿಲ್ಟರ್ ತೆಗೆದು ಊದಿರುತ್ತೇವೆ, ಟೈರಿಗೆ ಗಾಳಿ ತುಂಬಿರುತ್ತೇವೆ. ಹೆಸರು ಮಾತ್ರ ಆಯಿಲ್‌ಗೆ.

ಬಿಸಿ ಎಂಜಿನ್‌ನ ಡ್ರೇನ್ ಬೋಲ್ಟ್ ಬಿಚ್ಚಿದರೆ ಆಯಿಲ್ ನೀರಿನ ಹಾಗೆ ಸುರಿಯುತ್ತದೆ. "ಪೂರಾ ನೀರಾಗೇತಿ ನೋಡ್ರಿ" ಅಂತ ಗಿರಾಕಿ ಗಾಬರಿಯಾಗುತ್ತಾರೆ. ಅದೇ ಆಯಿಲ್ ಟ್ರೇನಲ್ಲಿ ತಣ್ಣಗಾದ ಮೇಲೆ ಬೆರಳಿಗೆ ಹಚ್ಚಿ ತಿಕ್ಕಿ ನೋಡಿ, ಮತ್ತೆ ದಪ್ಪ. ಸಾಮಾನ್ಯ 20ಡಬ್ಲ್ಯೂ-40 ಆಯಿಲ್ (20 ಅನ್ನೋದು ಚಳಿಯ ಗ್ರೇಡ್, 40 ಬಿಸಿಯ ಗ್ರೇಡ್) 40 ಡಿಗ್ರಿಯಲ್ಲಿ ಸುಮಾರು 120 ಸೆಂಟಿಸ್ಟೋಕ್ ಇರುತ್ತದೆ, ಆಯಿಲ್‌ನ ದಪ್ಪ ಅಳೆಯುವ ಮಾನ ಅದು. 100 ಡಿಗ್ರಿಗೆ ಬಂದರೆ ಸುಮಾರು 14. ಎಂಟು ಪಟ್ಟು ಇಳಿತ! ಇನ್ನು ಗ್ರೇಡ್‌ಗಳನ್ನು ನಿಗದಿ ಮಾಡುವ ಎಸ್‌ಎಇ ಸಂಸ್ಥೆಯ ಲೆಕ್ಕದಲ್ಲಿ, 100 ಡಿಗ್ರಿಯಲ್ಲಿ 30ರ ಗ್ರೇಡ್ ಅಂದರೆ 9.3ರಿಂದ 12.5ರವರೆಗೆ, 40 ಅಂದರೆ 12.5ರಿಂದ 16.3ರವರೆಗೆ. ಅಂದರೆ ದಿನಾ ಬೆಳಿಗ್ಗೆ ಗಾಡಿ ಬಿಸಿಯಾಗುವಾಗ ಆಗುವ ಬದಲಾವಣೆಯ ಮುಂದೆ ಎರಡು ಗ್ರೇಡ್‌ಗಳ ನಡುವಿನ ಫರಕು ತೀರಾ ಸಣ್ಣದು. ಬಿಸಿ ಎಂಜಿನ್‌ನಲ್ಲಿ ಪಿಕಪ್ ನೋಡಿ ಅದನ್ನು ಹೇಳುತ್ತೇನೆ ಅಂದರೆ ನಾನಂತೂ ನಂಬಲ್ಲ.

ಹಾಗಂತ ಏನೂ ಗೊತ್ತಾಗಲ್ಲ ಅಂತಲ್ಲ. ಡಿಸೆಂಬರ್ ಚಳಿಯಲ್ಲಿ ಮೊದಲ ಕಿಕ್ ಹೊಡೆಯುವಾಗ ದಪ್ಪ ಆಯಿಲ್ ಕಾಲಿಗೆ ಬಿಗಿ ಅನಿಸುತ್ತದೆ. ಗೇರ್ ಬೈಕ್‌ಗಳಲ್ಲಿ ಇನ್ನೂ ಒಂದಿದೆ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಪ್ಲೇಟ್ ಮೂರಕ್ಕೂ ಒಂದೇ ಆಯಿಲ್. ಗೇರಿನ ಹಲ್ಲುಗಳ ನಡುವೆ ಸಿಕ್ಕಿ, ಆಯಿಲ್ ದಪ್ಪ ಉಳಿಯಲಿ ಅಂತ ಸೇರಿಸಿದ ಪಾಲಿಮರ್ ತುಂಡಾಗುತ್ತಾ ಹೋಗುತ್ತದೆ. ನೀವು ಹಾಕಿಸಿದ 40 ಕ್ರಮೇಣ 30ರ ಕಡೆಗೆ ಜಾರಿರುತ್ತದೆ. ಓಡಿಸುತ್ತಿದ್ದವರಿಗೆ ಅದು ತಿಳಿದೇ ಇರಲ್ಲ! ಹೊಸದು ಬಿದ್ದ ದಿನ ಮಾತ್ರ ಗೇರ್ 'ಟಕ್' ಅಂತ ಸಲೀಸಾಗಿ ಬೀಳುತ್ತದೆ. ಹಾಕಿದ್ದು ಮೊದಲಿನದೇ ಗ್ರೇಡ್ ಆದರೂ ಹಾಗೇ ಬೀಳುತ್ತದೆ. ಗೇರ್ ಇಲ್ಲದ ಸ್ಕೂಟರ್‌ನಲ್ಲಿ ಎಂಜಿನ್ ಆಯಿಲ್ ಕ್ಲಚ್ಚನ್ನು ಮುಟ್ಟುವುದೇ ಇಲ್ಲ, ಅಲ್ಲಿ ಈ ಸುಖವೂ ಇಲ್ಲ.

ಬೈಕ್‌ನವರು ನಂಬರ್‌ಗಿಂತ ಜಾಸ್ತಿ ನೋಡಬೇಕಾದ್ದು ಡಬ್ಬಿ ಮೇಲಿನ ಜಾಸೋ ಎಂಎ ಗುರುತು, ಅಂದರೆ ಆಯಿಲ್‌ನಲ್ಲೇ ಮುಳುಗಿರುವ ಕ್ಲಚ್‌ಗೆ ಈ ಆಯಿಲ್ ಹೊಂದುತ್ತದೆ ಅನ್ನುವ ಗುರುತು. ಅಗ್ಗಕ್ಕೆ ಸಿಕ್ಕಿತು ಅಂತ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು. ಅದು ಗೊತ್ತಾಗದೇ ಇರಲ್ಲ.

ಹಾಗಾದರೆ ಯಾವ ಗ್ರೇಡ್ ಆದರೂ ನಡೆಯುತ್ತಾ? ಇಲ್ಲ. ನಿಮಗೆ ತಿಳಿಯದ್ದು ಬೇರಿಂಗ್‌ಗೆ ತಿಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಹಿಂದೆ ದ್ರಾಕ್ಷಿ ಕ್ರೇಟ್ ಕಟ್ಟಿಕೊಂಡು ತಿಕೋಟಾದಿಂದ ಬರುವ ಏರ್ ಕೂಲ್ಡ್ (ಗಾಳಿಗೇ ತಂಪಾಗುವ) ಬೈಕ್‌ಗೆ, ಕಂಪನಿ ಹೇಳಿದ್ದಕ್ಕಿಂತ ತೆಳು ಆಯಿಲ್ ಹಾಕಿದರೆ ಲೋಹದ ನಡುವಿನ ಪದರ ಸಣ್ಣದಾಗುತ್ತದೆ. "ಬ್ಯಾಸಗಿ ಐತಿ, ದಪ್ಪಂದು ಹಾಕ್ರಿ" ಅನ್ನುವ ಕಾರಿನವರಿಗೆ ನನ್ನ ಉತ್ತರ ಬೇರೆ. ಹೊರಗೆ ಬಿಸಿಲಿರಲಿ, ಚಳಿಯಿರಲಿ, ಕಾರಿನ ಥರ್ಮೋಸ್ಟಾಟ್ ಎಂಜಿನ್ ತಂಪು ಮಾಡುವ ದ್ರವವನ್ನು, ಅಂದರೆ ಕೂಲೆಂಟನ್ನು, 90 ಡಿಗ್ರಿ ಆಸುಪಾಸಿನಲ್ಲೇ ಇಡುತ್ತದೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿರುವ ಗ್ರೇಡೇ ಸಾಕು.

ಗ್ರೇಡ್ ಬಗ್ಗೆ ವಾದ ಮಾಡುವವರ ಬೈಕಿನ ಡಿಪ್‌ಸ್ಟಿಕ್ ತೆಗೆದರೆ ಎಷ್ಟೋ ಸಲ ತುದಿಗೂ ಆಯಿಲ್ ಅಂಟಿರಲ್ಲ. ಲೀಟರ್ ಆಸುಪಾಸು ಹಿಡಿಯುವ ಎಂಜಿನ್ ಅದು. ತಿಂಗಳಿಗೆ ಎರಡು ಸಲ, ಗಾಡಿ ನೆಟ್ಟಗೆ ನಿಲ್ಲಿಸಿ ಲೆವೆಲ್ ನೋಡಿಕೊಳ್ಳಿ.