ಸ್ಪೆಲ್ಲಿಂಗ್ ಸರಿ, ಪದ ಬೇರೆ

ಕಚೇರಿಗಳ ಇಂಗ್ಲಿಷ್ ಪತ್ರ, ವರದಿ ತಿದ್ದಿಕೊಡುವುದು ನನ್ನ ಕೆಲಸ. ಮೊದಲಿನಂತೆ ಕಾಗುಣಿತದ ತಪ್ಪು ಈಗ ಜಾಸ್ತಿ ಸಿಗುವುದಿಲ್ಲ, ಕಂಪ್ಯೂಟರೇ ಹಿಡಿದುಬಿಡುತ್ತದೆ. ತಪ್ಪಿಸಿಕೊಂಡು ಬರುವುದು ಜೋಡಿ ಪದಗಳು. ಎರಡೂ ಡಿಕ್ಷನರಿಯಲ್ಲಿ ಇರುವಂಥವೇ. ಹಾಗಾಗಿ ಎಷ್ಟೋ ಸಲ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯದೆ ಸುಮ್ನಿರುತ್ತದೆ.

ಈಮೇಲ್ ಕೊನೆಗೆ ಬರುವ ‘ಪ್ಲೀಸ್ ಅಡ್ವೈಸ್’ ನೋಡಿ. ‘ಸಲಹೆ’ ಎನ್ನುವಾಗ ಸಿ, ‘ಸಲಹೆ ಕೊಡಿ’ ಎನ್ನುವಾಗ ಎಸ್. ಕೊಡಿ ಅಂತ ಕೇಳುತ್ತಲೇ ಸಿ ಹಾಕಿರುತ್ತಾರೆ. ಇಲ್ಲಿ ಮೋಸ ಮಾಡುವುದು ನಮ್ಮ ಕಿವಿ. ಇಂಗ್ಲಿಷಿನವರು ಸಿ ಇರುವುದನ್ನು ಅಡ್ವೈಸ್ ಅಂತಲೂ, ಎಸ್ ಇರುವುದನ್ನು ಹೆಚ್ಚುಕಡಿಮೆ ಅಡ್ವೈಜ್ ಅಂತಲೂ ಹೇಳುತ್ತಾರೆ. ಆ ಕೊನೆಯ ಸದ್ದು ಕನ್ನಡದ್ದಲ್ಲ. ಸೈಜ್, ಕ್ವಿಜ್‌ನಲ್ಲಿ ಅದನ್ನು ಜ ಮಾಡಿಕೊಂಡೆವು. ಬೇರೆ ಕಡೆ ಸ ಮಾಡಿ ಕೈತೊಳೆದುಕೊಂಡೆವು. ಬೆಲೆಗೂ ಪ್ರೈಸ್, ಬಹುಮಾನಕ್ಕೂ ಎಷ್ಟೋ ಜನರ ಬಾಯಲ್ಲಿ ಪ್ರೈಸೇ.

ಲೂಸ್ ಕಥೆಯೂ ಇದೇ. ಎರಡು ಓ ಇದ್ದರೆ ಸಡಿಲ, ಒಂದೇ ಇದ್ದರೆ ಕಳೆದುಕೊಳ್ಳುವುದು. ವರ್ಗಾವಣೆ ಅರ್ಜಿಯಲ್ಲಿ ‘ಐ ವಿಲ್ ಲೂಸ್ ಮೈ ಸೀನಿಯಾರಿಟಿ’ ಅಂತ ಎರಡು ಓ ಹಾಕಿ ಬರೆದರೆ, ಸೀನಿಯಾರಿಟಿಯ ಗಂಟು ಸಡಿಲ ಮಾಡುತ್ತೇನೆ ಎಂದಂತಾಯಿತು. ನಮ್ಮಲ್ಲಿ ‘ಲೂಸು’ ಅಂದರೆ ಇನ್ನೇನು ಅಂತ ಹೇಳಬೇಕಾಗಿಲ್ಲ, ಅಲ್ವಾ? ಇಂಥ ಜೋಡಿಗಳಿಗೆ ಮದ್ದು ಒಂದೇ, ಸ ಮತ್ತು ಜ ಬೇರೆ ಮಾಡಿ ಜೋರಾಗಿ ಓದುವುದು.

ಕೆಲವು ಜೋಡಿಗಳನ್ನು ಇಂಗ್ಲೆಂಡಿನವರೂ ಒಂದೇ ಥರ ಉಚ್ಚರಿಸುತ್ತಾರೆ. ಅಲ್ಲಿ ಕಿವಿ ನಂಬಿ ಉಪಯೋಗವಿಲ್ಲ. ಸಾಲದ ಪತ್ರದ ‘ಪ್ರಿನ್ಸಿಪಲ್ ಅಮೌಂಟ್’ ಅಂದರೆ ಅಸಲು, ಕೊನೆಗೆ ಪಿ-ಎ-ಎಲ್ ಬರಬೇಕು. ಪಿ-ಎಲ್-ಇ ಬಂದರೆ ಅದು ತತ್ವ. ಅಸಲಿಗೆ ಬಡ್ಡಿ ಉಂಟು, ತತ್ವಕ್ಕೆ ಯಾವ ಬ್ಯಾಂಕೂ ಹಾಕುವುದಿಲ್ಲ. ‘ಪಾಲ್ ಅಂದರೆ ಗೆಳೆಯ, ಪ್ರಿನ್ಸಿಪಾಲರು ನಿಮ್ಮ ಗೆಳೆಯ’ ಅಂತ ಇಂಗ್ಲಿಷ್ ಮೇಷ್ಟ್ರುಗಳು ಹೇಳಿಕೊಡುವುದುಂಟು. ಸಾಲದ ಅಸಲನ್ನು ಗೆಳೆಯ ಅನ್ನುವವರು ಯಾರು? ನನಗೆ ಕನ್ನಡದ ಉಚ್ಚಾರವೇ ವಾಸಿ. ಕಾಲೇಜಿನವರನ್ನು ನಾವು ‘ಪ್ರಿನ್ಸಿಪಾಲ್’ ಅಂತ ಎಳೆದು ಕರೆಯುತ್ತೇವಲ್ಲ, ಆ ‘ಪಾ’ದಲ್ಲೇ ಎ ಅಕ್ಷರ ಕೂತಿದೆ. ‘ಮುಖ್ಯ’ ಎಂಬರ್ಥ ಬಂದಲ್ಲೆಲ್ಲ ಅದೇ ಸ್ಪೆಲ್ಲಿಂಗ್.

ಸ್ಟೇಷನರಿಯಲ್ಲಿ ಎ ಇದ್ದರೆ ನಿಂತಲ್ಲೇ ನಿಂತದ್ದು, ಇ ಇದ್ದರೆ ಕಾಗದ, ಪೆನ್ನು. ಮಜಾ ಅಂದರೆ ಎರಡರ ಬೇರೂ ಒಂದೇ. ಹಿಂದೆ ಯುರೋಪಿನಲ್ಲಿ ಊರೂರು ಅಲೆದು ಮಾರುವವರ ನಡುವೆ, ಒಂದೇ ಜಾಗದಲ್ಲಿ ಅಂಗಡಿ ಇಟ್ಟ ಪುಸ್ತಕದವನಿಗೆ ‘ಸ್ಟೇಷನರ್’ ಎಂದು ಹೆಸರಾಯಿತು. ಲಂಡನ್ನಿನಲ್ಲಿ 1403ರಲ್ಲೇ ಇವರ ಸಂಘವಿತ್ತು. ಅಂಗಡಿಯವನ ಹೆಸರು ಇ-ಆರ್‌ನಿಂದ ಮುಗಿಯುತ್ತದೆ, ಅದಕ್ಕೆ ವೈ ಸೇರಿಸಿದರೆ ಅವನ ಸಾಮಾನು.

ಇನ್ನು ಲೈಸೆನ್ಸ್, ಪ್ರಾಕ್ಟೀಸ್. ಉಚ್ಚಾರ ಒಂದೇ ಆದರೂ ಬ್ರಿಟಿಷ್ ಕ್ರಮದಲ್ಲಿ ಅಡ್ವೈಸ್‌ನ ಲೆಕ್ಕವೇ ನಡೆಯುತ್ತದೆ. ವಸ್ತುವಿಗೆ ಸಿ, ಕೆಲಸಕ್ಕೆ ಎಸ್. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಡ್ರೈವಿಂಗ್ ಲೈಸೆನ್ಸ್’ಗೆ ಸಿ, ಅದನ್ನು ಕೊಡುವ ‘ಲೈಸೆನ್ಸಿಂಗ್ ಅಥಾರಿಟಿ’ಗೆ ಎಸ್. ಅಮೆರಿಕದವರು ಲೈಸೆನ್ಸ್‌ಗೆ ಎರಡೂ ಕಡೆ ಎಸ್ಸೇ ಹಾಕುತ್ತಾರೆ, ಪ್ರಾಕ್ಟೀಸ್‌ಗೆ ಎರಡೂ ಕಡೆ ಸಿ. ಗಿರಾಕಿ ಅಲ್ಲಿಯವರಾದರೆ ಹಾಗೇ ಬರೆಯಿರಿ, ತಕರಾರಿಲ್ಲ. ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೆ.