ಸ್ಲೀಪ್ ಆಪ್ನಿಯ ಇಂಪ್ಲಾಂಟ್ ಗಾಯ: ಊತ ಕಂಡ ಕೂಡಲೇ ಸೂಜಿ ಹಿಡಿಯಬೇಡಿ

ಸ್ಲೀಪ್ ಆಪ್ನಿಯ (ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ) ಇಂಪ್ಲಾಂಟ್ ಗಾಯದ ತೊಂದರೆಗಳ ಅಧ್ಯಾಯ ಓದುವಾಗ ನಾನು ಸೋಂಕು, ರಕ್ತ, ನೀರು, ಹೊಲಿಗೆ ಬಿಡುವುದು ಅಂತ ಪಟ್ಟಿ ಬಾಯಿಪಾಠ ಮಾಡಿದ್ದೆ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, "ಆಪರೇಷನ್ ಆಗಿ ಒಂದು ವಾರ, ಎದೆ ಹತ್ತಿರ ಊದಿಕೊಂಡಿದೆ, ಏನು ಮಾಡ್ತೀರಿ?" ಅಂತ ಕೇಳಿದರು. "ಸೂಜಿ ಹಾಕಿ ಎಳೆದು ನೋಡ್ತೀನಿ ಸರ್" ಅಂದೆ. ಕೇಳಿದವರು ಪೆನ್ನು ಕೆಳಗಿಟ್ಟರು. ಅವರು ಯಾಕೆ ಹಾಗೆ ಮಾಡಿದರು ಅಂತ ಗೊತ್ತಾದರೆ ಅರ್ಧ ವಿಷಯ ಬಂದ ಹಾಗೆ.

ಮೊದಲು ಒಳಗೆ ಏನಿದೆ ಅಂತ ನೋಡೋಣ. ಇದು ನಾಲಿಗೆಯ ಹೈಪೊಗ್ಲಾಸಲ್ ನರಕ್ಕೆ ಸಣ್ಣ ಕರೆಂಟ್ ಕೊಡುವ ಸಾಧನ. ಇನ್‌ಸ್ಪೈರ್ ಅನ್ನುವ ಸಾಧನಕ್ಕೆ ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ನಿದ್ದೆಯಲ್ಲಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತಲ್ವಾ, ಉಸಿರು ಎಳೆಯುವ ಹೊತ್ತಿಗೆ ಸರಿಯಾಗಿ ಅದನ್ನು ಮುಂದಕ್ಕೆ ತರುವುದು ಇದರ ಕೆಲಸ. ದವಡೆ ಕೆಳಗೆ ನರದ ಸುತ್ತ ಒಂದು ಪುಟ್ಟ ಪಟ್ಟಿ ಇರುತ್ತದೆ. ಬಲ ಕಾಲರ್ ಬೋನ್ ಕೆಳಗೆ ಬ್ಯಾಟರಿ ಡಬ್ಬಿ. ಹಳೆಯ ಮಾದರಿಗಳಲ್ಲಿ ಪಕ್ಕೆಲುಬುಗಳ ನಡುವೆ ಉಸಿರನ್ನು ಗ್ರಹಿಸುವ ತಂತಿಯೂ ಇರುತ್ತದೆ. ಮೊದಲು ಮೂರು ಕಡೆ ಕೊಯ್ಯುತ್ತಿದ್ದರು, ಆಮೇಲೆ ಎದೆಯ ಒಂದೇ ಗಾಯದಿಂದ ಡಬ್ಬಿ ಮತ್ತು ಉಸಿರಿನ ತಂತಿ ಎರಡನ್ನೂ ಕೂರಿಸುವ ವಿಧಾನ ಬಂತು, ಹಾಗಾಗಿ ಈಗ ಹೆಚ್ಚಾಗಿ ಎರಡೇ ಗಾಯ.

ಹೊರಗಿನಿಂದ ನೋಡಿದರೆ ಇವು ಬೇರೆ ಬೇರೆ ಗಾಯ. ಒಳಗೆ ಹಾಗಲ್ಲ. ದವಡೆಯಿಂದ ಎದೆವರೆಗೆ ಚರ್ಮದ ಕೆಳಗೆ ಸುರಂಗ ಮಾಡಿ ತಂತಿ ಎಳೆದಿರುತ್ತಾರೆ, ಆದ್ದರಿಂದ ಒಂದು ತುದಿಯಲ್ಲಿ ಹೊಕ್ಕ ಬ್ಯಾಕ್ಟೀರಿಯಾ ತಂತಿಗುಂಟ ಇನ್ನೊಂದು ತುದಿಗೆ ಹೋಗಬಹುದು. ಗಾಯ ನೋಡುವಾಗ ಎರಡೂ ಕಡೆ ಬಟ್ಟೆ ಸರಿಸಿ ನೋಡಿ ಅನ್ನುವುದು ಇದಕ್ಕೇ.

ಇಷ್ಟು ಓದಿ ಗಾಬರಿ ಬೇಡ. ಇದೇ ಇನ್‌ಸ್ಪೈರ್ ಸಾಧನದ ಮೇಲೆ ಮಾಡಿ 2014ರಲ್ಲಿ ಪ್ರಕಟವಾದ ಸ್ಟಾರ್ ಅಧ್ಯಯನದಲ್ಲಿ 126 ಜನರಿದ್ದರು. ಆಪರೇಷನ್‌ಗೆ ಸಂಬಂಧಿಸಿದ ಗಂಭೀರ ತೊಂದರೆ ಶೇ. 2ಕ್ಕಿಂತ ಕಡಿಮೆ ಇತ್ತು. ಆದರೆ ಡಬ್ಬಿಗೆ ಸೋಂಕು ತಗುಲಿದರೆ ಆ ಒಬ್ಬರಿಗೆ ಇಡೀ ಸಾಧನವೇ ಹೋಗುತ್ತದೆ. ಪ್ರಶ್ನೆ ಬರುವುದು ಇಲ್ಲಿಂದಲೇ.

ಈಗ ಊತಕ್ಕೆ ಬರೋಣ. ಸೀರೋಮ ಅಂದರೆ ಡಬ್ಬಿಗಾಗಿ ಮಾಡಿದ ಪಾಕೆಟ್‌ನಲ್ಲಿ ನಿಂತ ತಿಳಿ ನೀರು. ಮುಟ್ಟಿದರೆ ಮೆತ್ತಗೆ ತುಳುಕುತ್ತದೆ, ನೋವು ಅಷ್ಟಾಗಿ ಇರುವುದಿಲ್ಲ, ಚರ್ಮದ ಬಣ್ಣ ಮಾಮೂಲಿ. ಹೆಮಟೋಮ ಅಂದರೆ ರಕ್ತ ತುಂಬಿರುವುದು. ಇದು ಬೇಗ ಬರುತ್ತದೆ, ಬಿಗಿಯಾಗಿರುತ್ತದೆ, ಸುತ್ತ ನೇರಳೆ ಬಣ್ಣ ಹರಡಿರುತ್ತದೆ. ಎರಡೂ ಚಿಕ್ಕದಿದ್ದರೆ ಮೈ ತಾನೇ ಹೀರಿಕೊಳ್ಳುತ್ತದೆ. ಸುಮ್ನೆ ಕಾಯುವುದೇ ಚಿಕಿತ್ಸೆ, ಬೇಕಿದ್ದರೆ ಒತ್ತಿ ಬ್ಯಾಂಡೇಜ್ ಕಟ್ಟುವುದು. ಸೂಜಿ ಚುಚ್ಚಿದರೆ ಏನಾಗುತ್ತದೆ? ಚರ್ಮದ ಮೇಲಿನ ಬ್ಯಾಕ್ಟೀರಿಯಾವನ್ನು ನಾವೇ ಕೈಯಾರೆ ಒಳಗೆ ಇಳಿಸುತ್ತೇವೆ, ಅದೂ ರಕ್ತ ಸಂಚಾರ ಇಲ್ಲದ ಲೋಹದ ಡಬ್ಬಿಯ ಪಕ್ಕಕ್ಕೆ. ತಂತಿಗೆ ತೂತು ಬೀಳುವ ಅಪಾಯ ಬೇರೆ. ಪೆನ್ನು ಕೆಳಗಿಟ್ಟಿದ್ದು ಇದಕ್ಕೆ!

ಆದರೆ ಹೆಮಟೋಮವನ್ನು ಹಗುರವಾಗಿ ಬಿಡುವ ಹಾಗೂ ಇಲ್ಲ. ಹೃದಯದ ಪೇಸ್‌ಮೇಕರ್ ಹಾಕಿದವರಲ್ಲಿ ಮಾಡಿದ ಬ್ರೂಸ್ ಕಂಟ್ರೋಲ್ ಅಧ್ಯಯನದ ಮುಂದುವರಿಕೆಯಲ್ಲಿ, ದೊಡ್ಡ ಹೆಮಟೋಮ ಆದವರಿಗೆ ಮುಂದೆ ಗಂಭೀರ ಸೋಂಕು ಬರುವ ಸಾಧ್ಯತೆ 7 ಪಟ್ಟಿಗಿಂತ ಜಾಸ್ತಿ ಇತ್ತು. ಪಾಕೆಟ್ ಹೆಚ್ಚು ಕಡಿಮೆ ಅದೇ ಥರದ್ದು, ಹಾಗಾಗಿ ಆ ಪಾಠ ಇಲ್ಲಿಗೂ ಸಲ್ಲುತ್ತದೆ ಅನ್ನುವುದು ನನ್ನ ಲೆಕ್ಕ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದಾರಾ ಅಂತ ಆಪರೇಷನ್‌ಗೆ ಮೊದಲೇ ಕೇಳಬೇಕು.

ಕತ್ತಿನ ಗಾಯದ ಕಥೆಯೇ ಬೇರೆ. ಎದೆಯಲ್ಲಿ ರಕ್ತ ತುಂಬಿದರೆ ಊತ, ಕತ್ತಿನಲ್ಲಿ ತುಂಬಿದರೆ ಉಸಿರಿನ ದಾರಿ ಒತ್ತಿಹೋಗಬಹುದು. ಈ ರೋಗಿಗೆ ಮೊದಲೇ ಆ ದಾರಿ ಇಕ್ಕಟ್ಟು. ಕತ್ತು ಬಿಗಿಯಾಗುತ್ತಿದೆ, ಧ್ವನಿ ಬದಲಾಗಿದೆ, ನುಂಗಲು ಆಗುತ್ತಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿದೆ ಅಂದರೆ ಸ್ಕ್ಯಾನ್‌ಗೆ ಕಳಿಸಿ ಕಾಯುತ್ತಾ ಕೂರುವಂತಿಲ್ಲ, ಅಲ್ಲೇ ಹೊಲಿಗೆ ಬಿಚ್ಚಿ ರಕ್ತ ಹೊರಗೆ ಬಿಡಬೇಕಾಗಬಹುದು. ಕಾಯುವ ನಿಯಮಕ್ಕೆ ಇದೊಂದು ದೊಡ್ಡ ಅಪವಾದ.

ಇನ್ನು ಸೋಂಕು. ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ: ಚರ್ಮದಲ್ಲೇ ಇದೆಯಾ, ಪಾಕೆಟ್‌ಗೆ ಇಳಿದಿದೆಯಾ? ಹೊಲಿಗೆ ಸಾಲಿನ ಮೇಲೆ ಸಾಸಿವೆ ಕಾಳಿನಷ್ಟು ಕೀವಿನ ಗುಳ್ಳೆ, ಅದರ ತುದಿಯಲ್ಲಿ ದಾರದ ಚೂರು ಇಣುಕುತ್ತಿದೆ, ಅಕ್ಕಪಕ್ಕ ಒತ್ತಿದರೆ ನೋವಿಲ್ಲ. ಇದು ಹೊಲಿಗೆ ದಾರದ ಕಿರಿಕಿರಿ. ದಾರ ತೆಗೆದು, ಸ್ವಚ್ಛ ಮಾಡಿ, ಕಣ್ಣಿಟ್ಟರೆ ಸಾಕು. ಅದೇ ಡಬ್ಬಿ ಇರುವಷ್ಟೂ ಜಾಗ ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ಕಿರುಚುವಷ್ಟು ನೋಯುತ್ತಿದ್ದು ಗಾಯದ ಸಂದಿಯಿಂದ ಕೀವು ಜಿನುಗುತ್ತಿದ್ದರೆ ಅದು ಪಾಕೆಟ್ ಸೋಂಕು. ಜ್ವರ ಇರಲೇಬೇಕು ಅಂತೇನಿಲ್ಲ. ಜ್ವರ ಇಲ್ಲ, ಹಾಗಾಗಿ ಸೋಂಕಿಲ್ಲ ಅಂತ ಬರೆದರೆ ಅಂಕ ಹೋಯಿತು.

ಹೆಚ್ಚಾಗಿ ಕಾರಣ ಸ್ಟೆಫೈಲೋಕಾಕಸ್ ಗುಂಪಿನ ಬ್ಯಾಕ್ಟೀರಿಯಾ. ಇವು ಲೋಹ, ಪ್ಲಾಸ್ಟಿಕ್ ಮೇಲೆ ಬಯೋಫಿಲ್ಮ್ ಅನ್ನುವ ಲೋಳೆ ಪದರ ಕಟ್ಟಿಕೊಂಡು ಅದರ ಕೆಳಗೆ ಕೂರುತ್ತವೆ. ಆಂಟಿಬಯೋಟಿಕ್ ಕೊಟ್ಟಾಗ ಕೆಂಪು ಇಳಿಯುತ್ತದೆ, ಎಲ್ಲರಿಗೂ ಖುಷಿ, ನಿಲ್ಲಿಸಿದ ಮೇಲೆ ಮತ್ತೆ ಶುರು. ಅದಕ್ಕೇ ಪಾಕೆಟ್ ಸೋಂಕು ಖಚಿತವಾದರೆ ಸಾಧನ ತೆಗೆಯುವುದೇ ದಾರಿ. ನರದ ಸುತ್ತಲಿನ ಪಟ್ಟಿ ಬಿಡಿಸುವುದು ನಾಜೂಕಿನ ಕೆಲಸ, ಅಷ್ಟರಲ್ಲಿ ಅದರ ಸುತ್ತ ಗಟ್ಟಿ ಅಂಗಾಂಶ ಬೆಳೆದಿರುತ್ತದೆ. ಸೋಂಕು ಪೂರ್ತಿ ಹೋದ ಮೇಲೆ ಹೊಸದು ಹಾಕುವ ಯೋಚನೆ ಮಾಡಬಹುದು.

ತಡೆಯುವ ವಿಷಯ ಬೇಗ ಮುಗಿಸುತ್ತೇನೆ. ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಸೆಫಜೊಲಿನ್ ಅನ್ನುವ ಆಂಟಿಬಯೋಟಿಕ್, ಗಡ್ಡ ತೆಗೆಯಬೇಕಾದರೆ ಬ್ಲೇಡ್ ಬದಲು ಕ್ಲಿಪ್ಪರ್ (ಬ್ಲೇಡ್‌ನಿಂದ ಕಣ್ಣಿಗೆ ಕಾಣದ ಗೀರು ಬೀಳುತ್ತದೆ), ಸಕ್ಕರೆ ಕಾಯಿಲೆ ಹತೋಟಿ, ಸಿಗರೇಟು ಬಿಡಿಸುವುದು.

ಹೊಲಿಗೆ ಒಣಗಿತು ಅಂದ ಮಾತ್ರಕ್ಕೆ ಫೈಲ್ ಮುಚ್ಚಬೇಡಿ. ಸಾಧನ ಆನ್ ಮಾಡುವುದೇ ಸುಮಾರು ಒಂದು ತಿಂಗಳಾದ ಮೇಲೆ. ಆ ಭೇಟಿಯಲ್ಲಿ ಎಲ್ಲರ ಕಣ್ಣು ರಿಮೋಟ್ ಮೇಲೆ, ಗಾಯ ನೋಡುವುದೇ ಮರೆತುಹೋಗುತ್ತದೆ. ಇನ್ನೂ ತಡವಾಗಿ ಬರುವ ತೊಂದರೆ ಅಂದರೆ ಡಬ್ಬಿಯ ಮೂಲೆ ಚರ್ಮವನ್ನು ಒಳಗಿಂದ ಸವೆಸುವುದು. ಮೊದಲು ಆ ಜಾಗ ತೆಳ್ಳಗಾಗಿ ಹೊಳೆಯುತ್ತದೆ, ಆಮೇಲೆ ಕೆನ್ನೀಲಿ ಆಗುತ್ತದೆ. ಈ ಹಂತದಲ್ಲಿ ಸಿಕ್ಕರೆ, ಸೋಂಕಿನ ಸುಳಿವೂ ಇಲ್ಲದಿದ್ದರೆ, ಡಬ್ಬಿಯನ್ನು ಇನ್ನೂ ಆಳಕ್ಕೆ ಕೂರಿಸಿ ಉಳಿಸಿಕೊಳ್ಳುವ ಅವಕಾಶ ಇರುತ್ತದೆ. ಚರ್ಮ ತೂತಾಗಿ ಲೋಹ ಕಂಡರೆ, ಕೀವು ಇಲ್ಲದಿದ್ದರೂ ಅದನ್ನು ಸೋಂಕು ಅಂತಲೇ ಲೆಕ್ಕ ಹಾಕಬೇಕು.