ಪ್ರಳಯದ ಸಿನಿಮಾ ಪ್ರಳಯದಿಂದಲೇ ಶುರುವಾಗಬೇಕಾ?

ಪ್ರಶ್ನೆ: ‘ಮೇಡಂ, ಕಾಲೇಜಿನ ಫಿಲ್ಮ್ ಪ್ರಾಜೆಕ್ಟ್‌ಗೆ ಪ್ರಳಯದ ಸಿನಿಮಾಗಳ ಓಪನಿಂಗ್ ವಿಶ್ಲೇಷಣೆ ಮಾಡಬೇಕು. ಆಮೇಲೆ ನಾವೇ ಎರಡು ನಿಮಿಷದ ಓಪನಿಂಗ್ ತೆಗೆಯಬೇಕು. ಯಾವ ಸಿನಿಮಾದಲ್ಲಿ ವಿನಾಶದ ದೃಶ್ಯ ಚೆನ್ನಾಗಿದೆ? ನಮ್ಮ ಹತ್ತಿರ ವಿಎಫ್ಎಕ್ಸ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ಮಾಡುವ ದೃಶ್ಯಗಳಿಗೆ, ದುಡ್ಡಿಲ್ಲ. ಏನು ಮಾಡೋದು?’

ದೀಪಾವಳಿ ರಜೆ ಮುಗಿಯುತ್ತಿದ್ದ ಹಾಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಮುಂಬೈ ಸುತ್ತಲಿನ ಡೊಂಬಿವಲಿಯಿಂದ ಬರುತ್ತದೆ, ಮುಲುಂಡಿನಿಂದ ಬರುತ್ತದೆ, ಮೀರಾ ರೋಡಿನಿಂದ ಬರುತ್ತದೆ. ಕೇಳುವ ಮಕ್ಕಳು ಬೇರೆ ಬೇರೆ, ಪ್ರಶ್ನೆಯ ಒಳಗಿನ ತಪ್ಪು ಮಾತ್ರ ಒಂದೇ. ಭಾನುವಾರದ ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ. ಮುಂದಿನ ವರ್ಷ ಕೇಳುವವರಿಗೆ ಇದನ್ನೇ ಕೊಡಿ.

ಮೊದಲು ಸಣ್ಣ ಉತ್ತರ. ಮೂರು ಸಿನಿಮಾ ತಗೊಳ್ಳಿ. 2002ರ ‘28 ಡೇಸ್ ಲೇಟರ್’, 2004ರ ‘ಡಾನ್ ಆಫ್ ದಿ ಡೆಡ್’, 2006ರ ‘ಚಿಲ್ಡ್ರನ್ ಆಫ್ ಮೆನ್’. ಒಂದೊಂದರ ಮೊದಲ ಹತ್ತು ನಿಮಿಷ ಸಾಕು. ಒಂದು ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡ್ ಬಂದ್ ಮಾಡಿ ನೋಡಿ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಕಾಗದದ ಮೇಲೆ ನಾಲ್ಕು ಕಾಲಂ ಹಾಕಿಕೊಳ್ಳಿ: ಎಷ್ಟನೇ ಸೆಕೆಂಡು, ಏನು ಕಾಣುತ್ತದೆ, ಏನು ಕೇಳುತ್ತದೆ, ಯಾರಿಗೆ ಏನು ಗೊತ್ತು. ನಾಲ್ಕನೇ ಕಾಲಂ ಬಿಟ್ಟರೆ ನೀವು ಬರೆದದ್ದು ಕಥೆಯ ಸಾರಾಂಶ ಆಗುತ್ತದೆ, ವಿಶ್ಲೇಷಣೆ ಆಗುವುದಿಲ್ಲ.

ಕೆಂಪು ಬಣ್ಣ ಅಂದರೆ ಅಪಾಯ, ನೀಲಿ ಅಂದರೆ ದುಃಖ ಅಂತ ದಯವಿಟ್ಟು ಬರೆಯಬೇಡಿ. ಇನ್ನೊಂದು ಮಾತು. 1979ರ ‘ಅಪೊಕ್ಯಾಲಿಪ್ಸ್ ನೌ’ ವಿಯೆಟ್ನಾಂ ಯುದ್ಧದ ಸಿನಿಮಾ. ಹೆಸರಿನಲ್ಲಿ ಅಪೊಕ್ಯಾಲಿಪ್ಸ್, ಅಂದರೆ ಪ್ರಳಯ, ಇದೆ ಅಂತ ನೋಡಿ ಅದನ್ನು ಆರಿಸಿಕೊಂಡವರು ಪ್ರತಿ ಬ್ಯಾಚಿನಲ್ಲೂ ಒಬ್ಬರು ಇರುತ್ತಾರೆ.

ಈಗ ಆ ತಪ್ಪಿನ ವಿಷಯ. ‘ವಿನಾಶದ ದೃಶ್ಯ ಯಾವುದು ಚೆನ್ನಾಗಿದೆ’ ಅಂತ ಕೇಳುತ್ತೀರಲ್ಲ, ಅಲ್ಲೇ ಇದೆ ಅದು. ಲೋಕ ಮುಗಿಯುವ ಸಿನಿಮಾ ಅಂದರೆ ಮೊದಲ ಶಾಟಿನಲ್ಲೇ ಲೋಕ ಮುಗಿಯಬೇಕು, ಕಟ್ಟಡ ಬೀಳಬೇಕು, ಹೊಗೆ ಬರಬೇಕು ಅಂತ ನೀವು ನಂಬಿದ್ದೀರಿ. ದುಡ್ಡಿಲ್ಲ ಅನ್ನುವ ಚಿಂತೆ ಹುಟ್ಟಿದ್ದೂ ಆ ನಂಬಿಕೆಯಿಂದಲೇ.

ಈ ನಂಬಿಕೆ ಟ್ರೇಲರ್‌ನಿಂದ ಬಂದದ್ದು. ಟ್ರೇಲರ್‌ನಲ್ಲಿ ಸೇತುವೆ ಕುಸಿಯುತ್ತದೆ, ಅಲೆ ಏಳುತ್ತದೆ, ಜನ ಓಡುತ್ತಾರೆ. ಟಿಕೆಟ್ ಮಾರುವುದು ಅದರ ಕೆಲಸ. ಓಪನಿಂಗ್ ನೋಡುವವರು ಆಗಲೇ ಟಿಕೆಟ್ ತಗೊಂಡು ಕೂತಾಗಿದೆ. ಈ ಲೋಕ ಹೋದರೆ ಏನೇನು ಹೋಗುತ್ತದೆ ಅಂತ ಅವರಿಗೆ ಅನ್ನಿಸಬೇಕು. ಹಾಗೆ ಅನ್ನಿಸಬೇಕಾದರೆ ಮೊದಲು ಲೋಕ ಕಾಣಬೇಕು ಅಲ್ವಾ?

‘ಡಾನ್ ಆಫ್ ದಿ ಡೆಡ್’ ನೋಡಿ. ಒಬ್ಬ ನರ್ಸ್. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಯುವ ಹೊತ್ತು, ಮೈಯೆಲ್ಲ ಸುಸ್ತು. ಯಾರೋ ಒಬ್ಬನನ್ನು ಯಾರೋ ಕಚ್ಚಿದ್ದಾರಂತೆ, ಅವನನ್ನು ಐಸಿಯುಗೆ ಹಾಕಿದ್ದಾರೆ ಅನ್ನುವ ಮಾತು ಹಾಗೇ ಬಂದು ಹೋಗುತ್ತದೆ. ಕಾರಿನಲ್ಲಿ ರೇಡಿಯೋದಲ್ಲಿ ಸುದ್ದಿ ಬರುತ್ತಿದೆ, ಅವಳು ಸ್ಟೇಷನ್ ಬದಲಾಯಿಸಿ ಹಾಡು ಹಾಕುತ್ತಾಳೆ. ಪಕ್ಕದ ಮನೆಯ ಹುಡುಗಿಯ ಜೊತೆ ಎರಡು ಮಾತು. ಮನೆಯಲ್ಲಿ ಗಂಡ. ಟಿವಿಯಲ್ಲಿ ತುರ್ತು ಪ್ರಕಟಣೆ ಬರುವಾಗ ಇಬ್ಬರೂ ಬಚ್ಚಲುಮನೆಯಲ್ಲಿದ್ದಾರೆ. ಮೂರು ಸಲ ಸುದ್ದಿ ಬಾಗಿಲವರೆಗೆ ಬಂತು, ಮೂರು ಸಲವೂ ಅವಳಿಗೆ ತಲುಪಲಿಲ್ಲ. ಬೆಳಗಾದಾಗ ಮಲಗುವ ಕೋಣೆಯ ಬಾಗಿಲಲ್ಲಿ ಅದೇ ಹುಡುಗಿ, ಈಗ ಕಚ್ಚಲು ಬರುವ ಜೋಂಬಿಯಾಗಿ, ನಿಂತಿರುತ್ತಾಳೆ. ಊರು ಹೊತ್ತಿ ಉರಿಯುವುದು ಅದಾದ ಮೇಲೆ. ಟೈಟಲ್ ಬರುವುದು ಇನ್ನೂ ಆಮೇಲೆ. ಆ ಉರಿ ನಮ್ಮನ್ನು ತಟ್ಟುವುದು ಯಾಕೆ? ರೇಡಿಯೋ ಸ್ಟೇಷನ್ ನಾವೂ ಹಾಗೇ ಬದಲಾಯಿಸುತ್ತೇವೆ, ಅದಕ್ಕೆ.

‘ಚಿಲ್ಡ್ರನ್ ಆಫ್ ಮೆನ್’ ಕಪ್ಪು ಪರದೆಯಿಂದ ಶುರುವಾಗುತ್ತದೆ. ಮೊದಲು ಬರುವುದು ಸುದ್ದಿ ಓದುವವರ ದನಿ, ಚಿತ್ರ ಆಮೇಲೆ. ಲಂಡನ್ನಿನ ಒಂದು ಕಾಫಿ ಅಂಗಡಿ. ಜನ ತಲೆ ಎತ್ತಿ ಟಿವಿ ನೋಡುತ್ತಿದ್ದಾರೆ. ಭೂಮಿಯ ಮೇಲಿನ ಅತಿ ಚಿಕ್ಕ ವಯಸ್ಸಿನವನು ಸತ್ತಿದ್ದಾನೆ, ಅವನಿಗೆ 18 ವರ್ಷ. ಅಂದರೆ 18 ವರ್ಷದಿಂದ ಎಲ್ಲೂ ಮಗು ಹುಟ್ಟಿಲ್ಲ. ಇದನ್ನು ಯಾರೂ ನಮಗೆ ವಿವರಿಸುವುದಿಲ್ಲ, ನಾವೇ ಲೆಕ್ಕ ಹಾಕಬೇಕು. ಥಿಯೋ ಎಂಬುವನು ಆ ಗುಂಪಿನಲ್ಲಿ ನುಗ್ಗಿ ಕಾಫಿ ತಗೊಂಡು ಹೊರಗೆ ಬರುತ್ತಾನೆ. ಎಲ್ಲರೂ ಅಳುತ್ತಿದ್ದಾರೆ, ಇವನಿಗೆ ಕಾಫಿಯಲ್ಲಿ ಸ್ವಲ್ಪ ಮದ್ಯ ಬೆರೆಸಿಕೊಳ್ಳುವ ಯೋಚನೆ. ಅವನು ರಸ್ತೆಗೆ ಬಂದ ಮೇಲೆ ಕಟ್ ಇಲ್ಲ, ಕ್ಯಾಮೆರಾ ಹಿಂದೆ ಹಿಂದೆಯೇ ಇದೆ. ಆಗ ಅವನು ಬಿಟ್ಟು ಬಂದ ಅದೇ ಅಂಗಡಿ ಸಿಡಿಯುತ್ತದೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಉಳಿಯುತ್ತದೆ, ಟೈಟಲ್ ಬರುತ್ತದೆ. ಸ್ಫೋಟ ಇದೆ ಅಲ್ವಾ ಮೇಡಂ ಅನ್ನುತ್ತೀರಿ. ಇದೆ. ಆದರೆ ಲೋಕ ಮುಗಿದಿರುವುದು ಆ ಸ್ಫೋಟದಿಂದ ಅಲ್ಲ. ಲೋಕ ಮುಗಿಯುತ್ತಿರುವ ಸುದ್ದಿ ಕೇಳಿಯೂ ಒಬ್ಬ ಕಾಫಿ ತಗೊಂಡು ಹೊರಟನಲ್ಲ, ಆ ಹೊತ್ತಿನಲ್ಲೇ ಎಲ್ಲ ಗೊತ್ತಾಗಿ ಹೋಯಿತು.

‘28 ಡೇಸ್ ಲೇಟರ್’ ಹೇಳಿದ ಕೂಡಲೇ ಒಬ್ಬರಾದರೂ ಕೈ ಎತ್ತುತ್ತಾರೆ. ‘ಅದರಲ್ಲಿ ಕಾರಣ ಮೊದಲೇ ತೋರಿಸುತ್ತಾರಲ್ಲ?’ ಹೌದು, ತೋರಿಸುತ್ತಾರೆ. ಲ್ಯಾಬಿಗೆ ನುಗ್ಗಿದ ಪ್ರಾಣಿಪ್ರಿಯರು ಸೋಂಕು ತಗುಲಿದ ಚಿಂಪಾಂಜಿಯನ್ನು ಬಿಡಿಸುತ್ತಾರೆ. ಆಮೇಲೆ ಏನಾಗುತ್ತದೆ? ಪರದೆ ಮೇಲೆ 28 ದಿನಗಳ ನಂತರ ಅಂತ ಬರುತ್ತದೆ. ಒಬ್ಬ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾನೆ. ಲಂಡನ್ ಖಾಲಿ. ಊರು ಬಿದ್ದದ್ದು, ಜನ ಸತ್ತದ್ದು, ಸೈನ್ಯ ಬಂದದ್ದು ಎಲ್ಲ ಆ 28 ದಿನದಲ್ಲಿ ಆಗಿದೆ. ನೀವು ಯಾವುದಕ್ಕೆ ವಿಎಫ್ಎಕ್ಸ್ ಬೇಕು ಅನ್ನುತ್ತಿದ್ದೀರೋ ಅದೇ 28 ದಿನ. ಅಷ್ಟನ್ನೂ ಅವರು ಕತ್ತರಿಸಿ ಬಿಸಾಡಿದ್ದಾರೆ. ಆ ಖಾಲಿ ಲಂಡನ್ ಕೂಡ ಕಂಪ್ಯೂಟರಿನ ಕೈಚಳಕ ಅಂತ ತಿಳಿಯಬೇಡಿ. ಕ್ಯಾನನ್ ಎಕ್ಸ್‌ಎಲ್1 ಅನ್ನುವ ಸಣ್ಣ ಡಿಜಿಟಲ್ ಕ್ಯಾಮೆರಾಗಳನ್ನು ಬೆಳ್ಳಂಬೆಳಿಗ್ಗೆ ನಿಲ್ಲಿಸಿ, ವಾಹನಗಳನ್ನು ಸ್ವಲ್ಪ ಸ್ವಲ್ಪ ಹೊತ್ತು ತಡೆದು ತೆಗೆದದ್ದು.

ಹೀಗೆ ಕತ್ತರಿಸಿದವರು ಅವರೊಬ್ಬರೇ ಅಲ್ಲ. 2007ರ ‘ಐ ಆಮ್ ಲೆಜೆಂಡ್’ನಲ್ಲಿ ಮೊದಲು ಬರುವುದು ಒಂದು ಟಿವಿ ಸಂದರ್ಶನ. ಕ್ಯಾನ್ಸರ್ ವಾಸಿ ಮಾಡಿದ್ದೇವೆ ಅಂತ ಡಾಕ್ಟರ್ ಒಬ್ಬರು ಹೇಳುತ್ತಾರೆ. ಕಟ್. ಮೂರು ವರ್ಷ ಕಳೆದಿದೆ, ನ್ಯೂಯಾರ್ಕಿನ ರಸ್ತೆಯಲ್ಲಿ ಹುಲ್ಲು ಬೆಳೆದಿದೆ. 2018ರ ‘ಎ ಕ್ವಯಟ್ ಪ್ಲೇಸ್’ ಶುರುವಾಗುವುದೇ 89ನೇ ದಿನದಿಂದ. ಒಂದು ಕುಟುಂಬ ಬರಿಗಾಲಲ್ಲಿ ಔಷಧಿ ಅಂಗಡಿಯೊಳಗೆ ಸದ್ದಿಲ್ಲದೆ ಓಡಾಡುತ್ತಿದೆ. ಮೊದಲ 88 ದಿನ ಏನಾಯಿತು? ಆ ಬರಿಗಾಲನ್ನು ನೋಡಿ ನೀವೇ ಹೇಳಿ.

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. 2011ರ ‘ಮೆಲಂಕೋಲಿಯಾ’ ಶುರುವಿನಲ್ಲೇ ಭೂಮಿಗೆ ಇನ್ನೊಂದು ಗ್ರಹ ಬಂದು ಬಡಿಯುವುದನ್ನು ತೋರಿಸುತ್ತದೆ. ವ್ಯಾಗ್ನರ್ ಸಂಗೀತ, ತುಂಬಾ ನಿಧಾನಕ್ಕೆ ಚಲಿಸುವ ಚಿತ್ರಗಳು, ಸುಮಾರು ಎಂಟು ನಿಮಿಷ. ಆದರೆ ಅಲ್ಲಿ ಅಂತ್ಯವನ್ನು ಮೊದಲೇ ಕೊಟ್ಟದ್ದಕ್ಕೆ ಒಂದು ಕೆಲಸ ಇದೆ. ಭೂಮಿ ಉಳಿಯುತ್ತದಾ ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ನಾವು ಆಕಾಶ ನೋಡುವುದಿಲ್ಲ, ಕಥೆಯ ನಡುವೆ ಇರುವ ಅಕ್ಕತಂಗಿಯರ ಮುಖ ನೋಡುತ್ತೇವೆ. ನಿಮ್ಮ ಎರಡು ನಿಮಿಷದಲ್ಲಿ ಅಂಥ ಕೆಲಸ ಇದ್ದರೆ ಧಾರಾಳವಾಗಿ ವಿನಾಶ ತೋರಿಸಿ.

ಯಕ್ಷಗಾನ ನೋಡಿ ಬೆಳೆದ ಮಕ್ಕಳೂ ಇದನ್ನು ಕೇಳುತ್ತಾರಲ್ಲ, ಅದೇ ನನಗೆ ಸಂಕಟ. ಮಳೆಗಾಲದಲ್ಲಿ ಊರಿನಿಂದ ತಂಡ ಬಂದಾಗ ಅಜ್ಜನ ಜೊತೆ ಮುಂದಿನ ಸಾಲಿನಲ್ಲಿ ಕೂತವರು ನೀವು. ರಾಕ್ಷಸನ ಬಣ್ಣದ ವೇಷ ನೇರ ಬಂದು ರಂಗದಲ್ಲಿ ನಿಲ್ಲುತ್ತದಾ? ಇಬ್ಬರು ತೆರೆ ಹಿಡಿಯುತ್ತಾರೆ. ಹಿಂದಿನಿಂದ ಆರ್ಭಟ ಕೇಳುತ್ತದೆ. ಕಿರೀಟದ ಅಂಚು ಕಂಡು ಮರೆಯಾಗುತ್ತದೆ. ಚೆಂಡೆ ಏರುತ್ತಾ ಹೋಗುತ್ತದೆ. ತೆರೆ ಪೂರ್ತಿ ಸರಿಯುವ ಹೊತ್ತಿಗೆ ಚಿಕ್ಕ ಮಕ್ಕಳು ಅಮ್ಮನ ಸೆರಗು ಹಿಡಿದಾಗಿದೆ. ಅಪೊಕ್ಯಾಲಿಪ್ಸ್ ಅನ್ನುವ ಪದಕ್ಕೂ ಗ್ರೀಕ್ ಮೂಲದಲ್ಲಿ ನಾಶ ಅನ್ನುವ ಅರ್ಥ ಇಲ್ಲ. ಮರೆ ಸರಿಸುವುದು ಅಂತ ಅದರ ಅರ್ಥ.

ದುಡ್ಡಿನ ಪ್ರಶ್ನೆಗೆ ಇಷ್ಟೇ ಹೇಳುತ್ತೇನೆ. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಕಪ್ಪು ಬಿಳುಪಿನ ಸಿನಿಮಾ, ತುಂಬಾ ಕಡಿಮೆ ದುಡ್ಡಿನದು. ಅದರ ಓಪನಿಂಗ್‌ನಲ್ಲಿ ಇರುವುದು ಖಾಲಿ ರಸ್ತೆ, ಒಂದು ಕಾರು, ಒಂದು ಸ್ಮಶಾನ, ಅಣ್ಣ ತಂಗಿಯ ಕಿತ್ತಾಟ. ಮಧ್ಯದಲ್ಲಿ ಕಾರಿನ ರೇಡಿಯೋ ತಾನಾಗಿ ಮತ್ತೆ ಮಾತಾಡುತ್ತದೆ, ತಾಂತ್ರಿಕ ತೊಂದರೆಯಿಂದ ಪ್ರಸಾರ ನಿಂತಿತ್ತು ಅನ್ನುತ್ತದೆ. ಅವರು ಅದನ್ನು ಮನಸ್ಸಿಗೆ ಹಾಕಿಕೊಳ್ಳುವುದಿಲ್ಲ. ಆ ಒಂದು ಸಾಲಿಗೆ ಎಷ್ಟು ಖರ್ಚಾಗಿರಬಹುದು?

ಮುಂಬೈಯಲ್ಲಿ ಕೂತು ಪ್ರಳಯಕ್ಕಾಗಿ ಹಾಲಿವುಡ್ ನೋಡಬೇಕಾಗಿಯೂ ಇಲ್ಲ. 2005ರ ಜುಲೈ 26ರಂದು ನಾನು ದಕ್ಷಿಣ ಮುಂಬೈಯ ಫೋರ್ಟಿನಲ್ಲಿ ಒಂದು ರೆಕಾರ್ಡಿಂಗ್ ಕೆಲಸದಲ್ಲಿದ್ದೆ. ಉತ್ತರದ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ಹೊತ್ತಿನಲ್ಲಿ ಫೋರ್ಟಿನ ಪಕ್ಕದ ಕೊಲಾಬಾದಲ್ಲಿ ಬಿದ್ದದ್ದು 73 ಮಿಲಿಮೀಟರ್. ನಮಗೆ ಅದು ಯಾವತ್ತಿನ ಜುಲೈ ಮಳೆ. ಚಹಾ ಕುಡಿದೆವು, ಕೆಲಸ ಮುಗಿಸಿದೆವು, ಛತ್ರಿ ಬಿಡಿಸಿಕೊಂಡು ಚರ್ಚ್‌ಗೇಟಿಗೆ ನಡೆದೆವು. ಸ್ಟೇಷನ್ ತುಂಬಾ ಜನ, ಒಂದು ಗಾಡಿಯೂ ಹೊರಡುತ್ತಿಲ್ಲ. ಫೋನ್ ಹತ್ತುತ್ತಿಲ್ಲ. ಕುರ್ಲಾದಲ್ಲಿ, ಕಲೀನಾದಲ್ಲಿ ಜನ ಮುಳುಗುತ್ತಿದ್ದಾರೆ ಅಂತ ಗೊತ್ತಾಗಲು ಎಷ್ಟೋ ಹೊತ್ತು ಬೇಕಾಯಿತು. ಆ ದಿನದ ಸಿನಿಮಾ ನಾನು ಮಾಡಿದರೆ ಮೊದಲ ಎರಡು ನಿಮಿಷ ಚರ್ಚ್‌ಗೇಟಿನಲ್ಲೇ ಇರುತ್ತೇನೆ. ನೀರು ತೋರಿಸುವುದಿಲ್ಲ. ಇಂಡಿಕೇಟರ್ ನೋಡುತ್ತಾ ನಿಂತ ಜನ, ಅದರಲ್ಲಿ ಒಬ್ಬಳು ಗಂಡನಿಗೆ ಬೈಯುತ್ತಾ ಮತ್ತೆ ಮತ್ತೆ ಫೋನ್ ಹಚ್ಚುತ್ತಿರುವುದು, ಅಷ್ಟೇ.

ಇನ್ನೊಂದು ಪ್ರಶ್ನೆ ಇದೆ. ಇದನ್ನು ನೀವ್ಯಾರೂ ಕೇಳಿಲ್ಲ, ಆದರೆ ನನ್ನ ಕೆಲಸ ಸೌಂಡ್ ಎಡಿಟಿಂಗ್, ಹೇಳದೆ ಬಿಡಲಾರೆ. ಖಾಲಿಯಾದ ಊರು ಹೇಗೆ ಕೇಳುತ್ತದೆ?

ನೀವು ತಂದು ತೋರಿಸುವ ಪ್ರಾಜೆಕ್ಟ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಗಾಳಿಯ ಸದ್ದಿನಿಂದ ಶುರುವಾಗುತ್ತವೆ. ಹೂಂ ಅಂತ ಬೀಸುವ ಗಾಳಿ, ದೂರದಲ್ಲಿ ಒಂದು ಕಾಗೆ. ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದು. ಚಿತ್ರದಲ್ಲಿ ಕಾಣುವುದು ಬಲ್ಲಾರ್ಡ್ ಎಸ್ಟೇಟ್, ಮುಂಬೈಯ ಆಫೀಸುಗಳ ಜಾಗ. ಅದು ಭಾನುವಾರ ಬೆಳಿಗ್ಗೆ ಖಾಲಿ ಇರುತ್ತದೆ, ಜಾಗ ಒಳ್ಳೆಯದೇ ಆರಿಸಿದ್ದೀರಿ. ಆದರೆ ಕಿವಿಗೆ ಬೀಳುವುದು ಯಾವುದೋ ಮರುಭೂಮಿ. ಮುಂಬೈ ಖಾಲಿಯಾದರೆ ಪಾರಿವಾಳ ಜಾಸ್ತಿ ಕೇಳುತ್ತದೆ. ಟೆರೇಸಿನ ಟ್ಯಾಂಕಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತದೆ. ಕರೆಂಟ್ ಹೋಗಿದ್ದರೆ ಫ್ರಿಜ್, ಫ್ಯಾನ್, ಎಸಿ ಎಲ್ಲದರ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಆಗಲೇ ಅಷ್ಟು ದಿನ ಅದು ಇತ್ತು ಅಂತ ಗೊತ್ತಾಗುವುದು. ಹಾಗಾಗಿ ಸದ್ದು ಸೇರಿಸುತ್ತಾ ಹೋಗಬೇಡಿ. ಮೊದಲು ಊರಿನ ದಿನದ ಸದ್ದು ಪೂರ್ತಿ ಕೊಡಿ. ಪಾವ್‌ವಾಲಾನ ಸೈಕಲ್ ಹಾರ್ನ್, ಮೇಲಿನ ಮನೆಯ ಮಿಕ್ಸರ್, ಲೋಕಲ್ ರೈಲು, ಎಲ್ಲ. ಆಮೇಲೆ ಒಂದೊಂದಾಗಿ ತೆಗೆಯಿರಿ. ಯಾವುದು ಮೊದಲು ಹೋಗಬೇಕು ಅನ್ನುವುದರಲ್ಲೇ ನಿಮ್ಮ ಕಥೆ ಇದೆ.

ನಮ್ಮ ಮನೆ ಮಾಟುಂಗಾ ರೋಡ್ ಸ್ಟೇಷನ್ ಪಕ್ಕ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಲೋಕಲ್ ನಿಂತಾಗ ಎದುರು ಬಿಲ್ಡಿಂಗಿನ ಕುಕ್ಕರ್ ಸೀಟಿ ಎಣಿಸಬಹುದಿತ್ತು. ನಮ್ಮತ್ತೆ ನಲವತ್ತು ವರ್ಷ ಆ ಹಳಿಯ ಪಕ್ಕದಲ್ಲೇ ಮಲಗಿದವರು. ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಗಾಡಿ ಇಲ್ಲದೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಿದ್ದರು. ನಾನು ದಿನಾ ರಾತ್ರಿ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡುತ್ತಿದ್ದೆ. ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಅಂತ ಲೋಕಲ್ ಮತ್ತೆ ಶುರುವಾಯಿತು. ಆ ದಿನದ ರೆಕಾರ್ಡಿಂಗ್‌ನಲ್ಲಿ ಗಾಡಿ ಹೋಗುವ ಸದ್ದು ಇದೆ, ಅದರ ಮೇಲೆ ಅತ್ತೆಯ ದನಿ: ‘ಬಂತಾ?’

ಮಾರ್ಚಿನ ರಾತ್ರಿಗಳದ್ದೂ ಎಲ್ಲ ನನ್ನ ಹತ್ತಿರ ಇವೆ. ಗಾಳಿ ಡೌನ್‌ಲೋಡ್ ಮಾಡುವ ಬದಲು ಭಾನುವಾರ ಬರುವಾಗ ಪೆನ್ ಡ್ರೈವ್ ತನ್ನಿ, ಹಾಕಿ ಕೊಡುತ್ತೇನೆ. ನಾಲ್ಕು ಕಾಲಂ ತುಂಬಿಸಿದ ಕಾಗದವೂ ಜೊತೆಗಿರಲಿ.